ಕ್ರಯಪತ್ರದಲ್ಲಿ ಸರ್ವೆ ನಂಬರ್ ತಪ್ಪಾಗಿದೆಯಾ? ತಿದ್ದುಪಡಿ ಪತ್ರ ಮಾಡಿಸುವುದು ಹೀಗೆ

ಮೊದಲನೆಯದಾಗಿ, ಮೂಲ ಕ್ರಯಪತ್ರಕ್ಕೆ ಪೆನ್ನು ಮುಟ್ಟಿಸಬೇಡಿ. ವೈಟ್ನರ್ ಅಂತೂ ಬೇಡವೇ ಬೇಡ. ರಿಜಿಸ್ಟರ್ ಆದ ಪತ್ರದ ನಕಲು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲೂ ಇರುತ್ತದೆ, ನಿಮ್ಮ ಪ್ರತಿಯಲ್ಲಿ ಒಂದೇ ಒಂದು ಅಂಕಿ ತಿದ್ದಿದರೂ ಎರಡೂ ತಾಳೆಯಾಗುವುದಿಲ್ಲ, ಆಮೇಲೆ ಫೋರ್ಜರಿ ಅನುಮಾನ ಶುರುವಾಗುತ್ತದೆ.

ತಪ್ಪು ಯಾವ ಕಾಗದದಲ್ಲಿ ಹುಟ್ಟಿದೆ ಅಂತ ನೋಡಿ. ಕ್ರಯಪತ್ರ, ಇಸಿ (ಆ ಜಾಗದ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ, ಋಣಭಾರ ಪತ್ರ), ಪಹಣಿ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು, ಸರ್ವೆ ನಂಬರ್, ಹಿಸ್ಸಾ (ಸರ್ವೆ ನಂಬರಿನ ಒಳಭಾಗದ ಸಂಖ್ಯೆ), ವಿಸ್ತೀರ್ಣ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಒಂದೊಂದೇ ಹೋಲಿಸಿ. ಪತ್ರ ಸರಿಯಿದ್ದು ಇಸಿಯಲ್ಲಿ ಮಾತ್ರ ತಪ್ಪಿದ್ದರೆ, ಪತ್ರದ ನಕಲು ಸೇರಿಸಿ ಅದೇ ಸಬ್ ರಿಜಿಸ್ಟ್ರಾರ್‌ಗೆ ಅರ್ಜಿ ಕೊಡಿ. ಪಹಣಿಯಲ್ಲಿ ಮಾತ್ರ ತಪ್ಪಿದ್ದರೆ ಅದು ಕಂದಾಯ ಇಲಾಖೆಯ ಕೆಲಸ, ತಹಶೀಲ್ದಾರ್ ಕಚೇರಿಗೆ ಹೋಗಿ.

ಪತ್ರದಲ್ಲೇ ತಪ್ಪಿದ್ದರೆ ಅದನ್ನು ಸಬ್ ರಿಜಿಸ್ಟ್ರಾರ್ ತಾವಾಗಿ ತಿದ್ದಿಕೊಡುವುದಿಲ್ಲ. ಬೇಡಿಕೊಂಡರೂ ಆಗದು, ಸುಮ್ನೆ ಜಗಳ ಬೇಡ. ಮಾರಿದವರು, ಕೊಂಡವರು ಇಬ್ಬರೂ ಸೇರಿ ತಿದ್ದುಪಡಿ ಪತ್ರ ಬರೆಸಿ, ಅದನ್ನೂ ರಿಜಿಸ್ಟರ್ ಮಾಡಿಸಬೇಕು. ಮೂಲಪತ್ರದಲ್ಲಿ ಸಹಿ ಹಾಕಿದ ಎಲ್ಲರೂ ಬರಬೇಕು: ನಾಲ್ವರು ಅಣ್ಣತಮ್ಮಂದಿರು ಸೇರಿ ಮಾರಿದ್ದರೆ ನಾಲ್ವರೂ. ಯಾರಾದರೂ ತೀರಿಕೊಂಡಿದ್ದರೆ ಅವರ ವಾರಸುದಾರರು ಸಹಿ ಮಾಡಬೇಕು. ಇದಕ್ಕೇ ತಪ್ಪು ಕಂಡ ಕೂಡಲೇ ಮಾಡಿಸಿ ಅನ್ನುವುದು. ಇವತ್ತು ಫೋನ್ ಮಾಡಿದರೆ ಬರುವವರು ಜಾಗದ ರೇಟು ಏರಿದ ಮೇಲೆ ಬರ್ತಾರಾ?

ಒಕ್ಕಣೆಯಲ್ಲಿ ಹಳೆಯ ಪತ್ರದ ನೋಂದಣಿ ಸಂಖ್ಯೆ, ತಾರೀಖು, ಕಚೇರಿಯ ಹೆಸರು ಇರಲೇಬೇಕು. ನಂತರ ಹೀಗೆ: "ಸದರಿ ಪತ್ರದ ಷೆಡ್ಯೂಲಿನಲ್ಲಿ ಸರ್ವೆ ನಂಬರ್ 45/2 ಎಂದು ಇರಬೇಕಾದದ್ದು ಕೈತಪ್ಪಿನಿಂದ 54/2 ಎಂದು ನಮೂದಾಗಿದ್ದು, ಅದನ್ನು 45/2 ಎಂದು ಓದಿಕೊಳ್ಳತಕ್ಕದ್ದು. ಉಳಿದ ಷರತ್ತುಗಳಲ್ಲಿ ಬದಲಾವಣೆ ಇಲ್ಲ." ಪತ್ರ ಬರಹಗಾರರು ಟೈಪ್ ಮಾಡಿದ್ದನ್ನು ಸಹಿಗೆ ಮೊದಲು ನೀವೇ ಗಟ್ಟಿಯಾಗಿ ಓದಿ. ತಿದ್ದುಪಡಿಗೇ ಇನ್ನೊಂದು ತಿದ್ದುಪಡಿ ಮಾಡಿಸಿದವರೂ ಇದ್ದಾರೆ!

ಆದರೆ 20 ಗುಂಟೆ ಕೊಂಡು 30 ಗುಂಟೆ ಅಂತ ತಿದ್ದಿಸುವುದಕ್ಕೆ ಇದು ದಾರಿಯಲ್ಲ. ಹೊಸ ಜಾಗ ಸೇರಿಸಬೇಕಾದರೆ ಹೊಸ ಕ್ರಯಪತ್ರ, ಪೂರ್ತಿ ಸ್ಟಾಂಪ್ ಡ್ಯೂಟಿ. ಹೆಸರಿನ ಸಣ್ಣ ವ್ಯತ್ಯಾಸಕ್ಕೆ, ಅಂದರೆ ಇನಿಷಿಯಲ್ ಹಿಂದೆಮುಂದೆ ಆದದ್ದಕ್ಕೆ, ಎರಡೂ ಹೆಸರಿನ ವ್ಯಕ್ತಿ ಒಬ್ಬರೇ ಎಂಬ ಅಫಿಡವಿಟ್ ಕೆಲವು ಕಡೆ ನಡೆಯುತ್ತದೆ. ಸರ್ವೆ ನಂಬರಿಗೆ, ಚಕ್ಕುಬಂದಿಗೆ ಮಾತ್ರ ಅದನ್ನು ನಂಬಬೇಡಿ.

ಮಾರಿದವರು ಬರಲ್ಲ ಅಂದರೆ? ಮೊದಲು ವಕೀಲರ ನೋಟಿಸ್ ಕೊಡಿಸಿ. ಅದಕ್ಕೂ ಬಗ್ಗದಿದ್ದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 26ನೇ ಕಲಂ ಪ್ರಕಾರ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಬಹುದು. ಇಬ್ಬರ ಮನಸ್ಸಿನಲ್ಲಿ ಇದ್ದದ್ದು ಒಂದು, ಕಾಗದದಲ್ಲಿ ಬಂದದ್ದು ಇನ್ನೊಂದು ಅಂತ ಅಲ್ಲಿ ತೋರಿಸಬೇಕು. ಇದಕ್ಕೆ ಸಾಮಾನ್ಯವಾಗಿ 3 ವರ್ಷದ ಕಾಲಮಿತಿ ಇದೆ, ತಡ ಮಾಡಬೇಡಿ.

ಜಾಗದ ಮೇಲೆ ಸಾಲವಿದ್ದರೆ ಮೂಲಪತ್ರ ಬ್ಯಾಂಕಿನಲ್ಲಿರುತ್ತದೆ ಅಲ್ವಾ, ಅವರಿಗೆ ಮೊದಲೇ ಹೇಳಿ. ರಿಜಿಸ್ಟರ್ ಆದ ಮೇಲೆ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಹೊಸ ಇಸಿ ತೆಗೆದು ತಿದ್ದುಪಡಿ ಪತ್ರ ಕಾಣುತ್ತಿದೆಯಾ ನೋಡಿ, ಆಮೇಲೆ ಖಾತೆ, ಪಹಣಿ ಸರಿಪಡಿಸಲು ಅದರ ನಕಲು ಕೊಡಿ.