ಗ್ರೀನ್‌ವುಡ್ ಮನೆತನದ ಬೇರು ಹಿಡಿದ ಕಥೆ: ನನ್ನ ಅನುಭವ

ನನ್ನ ಗಂಡನ ಮನೆಯವರು ಗ್ರೀನ್‌ವುಡ್. ಮ್ಯಾಸಚೂಸೆಟ್ಸ್‌ನ ಲೋವೆಲ್ ಊರು. ಈ ಮನೆತನದ ಬೇರು ಕೆನಡಾದಲ್ಲಿರಬಹುದು ಎಂದು ನಾನು ಹುಡುಕಲು ಹೊರಟಾಗ, "ನಾವು ಅಪ್ಪಟ ಇಂಗ್ಲಿಷರು, ಕೆನಡಾ ಗಿನಡಾ ಏನಿಲ್ಲ" ಅಂತ ಚಿಕ್ಕಮಾವ ನಕ್ಕಿದ್ದರು. ಬೆಂಗಳೂರಿನ ಸೊಸೆಗೆ ಹಳೆ ಫ್ರೆಂಚ್ ದಾಖಲೆ ದಫ್ತರದ ಹುಚ್ಚು ಯಾಕೆ ಎಂದು ಬೇರೆ ಕೇಳಿದರು. ಆದರೆ ಮುತ್ತಜ್ಜಿಯ ಪ್ರಾರ್ಥನೆ ಪುಸ್ತಕ ಫ್ರೆಂಚ್‌ನಲ್ಲಿತ್ತು, ಅಲ್ವಾ?

ಕೆನಡಾದ ಫ್ರೆಂಚ್ ಮಾತಿನ ಕ್ವಿಬೆಕ್ ಪ್ರಾಂತದಿಂದ ಇಲ್ಲಿನ ಬಟ್ಟೆ ಗಿರಣಿಗೆ ಬಂದವರಲ್ಲಿ ಎಷ್ಟೋ ಜನರ ಫ್ರೆಂಚ್ ಹೆಸರು ಅರ್ಥಕ್ಕೆ ತಕ್ಕ ಇಂಗ್ಲಿಷ್ ಹೆಸರಾಯಿತು: ರ್ವಾ ಕಿಂಗ್ ಆಯಿತು, ಲೆಬ್ಲಾಂ ವೈಟ್ ಆಯಿತು. ಗ್ರೀನ್‌ವುಡ್, ಅಂದರೆ ಹಸಿರು ಕಾಡು, ಫ್ರೆಂಚ್‌ನಲ್ಲಿ ಬ್ವಾವೆರ್. ಊಹೆ ಸುಲಭ, ಸಾಬೀತು ಮಾಡುವುದೇ ಕಷ್ಟ.

ಮೊದಲು ದುಡ್ಡು ಕಳೆದೆ. ಡಿಎನ್‌ಎ ಕಿಟ್‌ಗೆ 80 ಡಾಲರ್ ಹತ್ತಿರ. ದೂರದ ಸಂಬಂಧಿಕರು ನೂರಾರು ಜನ ಸಿಕ್ಕಿದರು. ಕ್ವಿಬೆಕ್ ಮೂಲದ ಇವರೆಲ್ಲ ಒಬ್ಬರಿಗೊಬ್ಬರು ನಾಲ್ಕೈದು ಕಡೆಯಿಂದ ನೆಂಟರು. ಹಾಗಾಗಿ ಆರನೇ ತಲೆಯ ನೆಂಟನೂ ಮೂರನೇ ತಲೆಯವನ ಹಾಗೆ ಕಾಣುತ್ತಾನೆ. ಆಮೇಲೆ ಒಬ್ಬ ಸಂಶೋಧಕರಿಗೆ 300 ಡಾಲರ್ ಕೊಟ್ಟೆ. ಬೇರೆ ಯಾರದೋ ಅಜ್ಜನನ್ನು ತಂದುಕೊಟ್ಟರು. ತಪ್ಪು ನನ್ನದೂ ಇತ್ತು. ಜೋಸೆಫ್ ಬ್ವಾವೆರ್‌ನನ್ನು ಹುಡುಕಿ ಎಂದಿದ್ದೆ. ಅಲ್ಲಿ ಜ್ಞಾನಸ್ನಾನಕ್ಕೆ ಬಂದ ಗಂಡುಮಕ್ಕಳೆಲ್ಲ ಹೆಚ್ಚುಕಡಿಮೆ ಜೋಸೆಫ್, ಹೆಣ್ಣುಮಕ್ಕಳೆಲ್ಲ ಮರೀ, ಅಂದರೆ ಮೇರಿ! ಕರೆಯುವ ಹೆಸರು ಸಾಮಾನ್ಯವಾಗಿ ಕೊನೆಯದು. ನಡುವಿನದು ಎಷ್ಟೋ ಸಲ ಧರ್ಮಪಿತನದು, ಅಂದರೆ ಜ್ಞಾನಸ್ನಾನದಲ್ಲಿ ಮಗುವಿನ ಹೊಣೆ ಹೊರುವವನದು.

ಎಂಟು ತಿಂಗಳು ಹೀಗೇ ಹೋಯಿತು. ಕೊನೆಗೆ ಗಂಡಸರನ್ನು ಬಿಟ್ಟು ಹೆಂಗಸರನ್ನು ಹಿಡಿದೆ. ಅಲ್ಲಿನ ಚರ್ಚಿನ ದಾಖಲೆಯಲ್ಲಿ ಹೆಣ್ಣು ಸಾಯುವವರೆಗೂ ತವರಿನ ಹೆಸರಲ್ಲೇ ಇರುತ್ತಾಳೆ. ಗಂಡನ ಹೆಸರು ಏನಾದರೂ ಆಗಲಿ, ಅವಳದು ಅಷ್ಟಾಗಿ ಅಲ್ಲಾಡುವುದಿಲ್ಲ. ಗಂಡಹೆಂಡತಿಯನ್ನು ಜೋಡಿಯಾಗಿ ಹುಡುಕಿದೆ. ಮದುವೆ ದಾಖಲೆಯಲ್ಲಿ ಇಬ್ಬರ ಅಪ್ಪ ಅಮ್ಮನ ಹೆಸರೂ ಇರುತ್ತೆ. ಒಂದು ಸಿಕ್ಕರೆ ಒಂದು ತಲೆಮಾರು ಮೇಲೆ ಹತ್ತಿದ ಹಾಗೆ. ಒಂದು ವಾರದಲ್ಲಿ ಐದು ತಲೆಮಾರು ಹತ್ತಿದೆ.

ಕ್ವಿಬೆಕ್‌ನ ಲೊಬಿನಿಯೆರ್ ಕಡೆಯ ದಾಖಲೆಗೆ ಬಂದಾಗ ಬ್ವಾವೆರ್ ಮಾಯ. ಅದೇ ಹೆಂಡತಿ, ಅದೇ ಮಕ್ಕಳು, ಹೆಸರು ಮಾತ್ರ ದೆನೆವೆರ್. 'ದಿ' ಹೆಸರಿನ ಆಟ ಇದು. 'ದಿ' ಅಂದರೆ ಫ್ರೆಂಚ್‌ನಲ್ಲಿ 'ಎಂದು ಕರೆಯುವ'; ಮನೆತನದ ಹೆಸರಿಗೆ ಅಂಟಿಕೊಂಡ ಇನ್ನೊಂದು ಹೆಸರು: ದೆನೆವೆರ್ ದಿ ಬ್ವಾವೆರ್. ಒಬ್ಬ ಪಾದ್ರಿ ದೆನೆವೆರ್ ಎಂದು ಬರೆದರೆ ಇನ್ನೊಬ್ಬ ಬ್ವಾವೆರ್ ಎಂದು ಬರೆದಿದ್ದಾನೆ. ವಂಶದ ಬುಡದಲ್ಲಿರುವ ಪೂರ್ವಜ ಎತಿಯೆನ್‌ಗೋ 'ದಿ ಬ್ರಾಂತಿಞಿ' ಎಂಬ ಬೇರೆಯದೇ ಬಾಲ. ಬ್ವಾವೆರ್ ಬಂದದ್ದು ಅವನ ಕುಡಿಗಳಿಗೆ. ನಮ್ಮಲ್ಲಿ ಊರ ಹೆಸರು, ಮನೆ ಹೆಸರು ಅಂತ ಒದ್ದಾಡುವವರಿಗೆ ಇದೇನು ಹೊಸದಲ್ಲ ಬಿಡಿ. ಈ ಎರಡು ಹೆಸರು ಒಬ್ಬನದೇ ಎಂದು ಗಟ್ಟಿ ಮಾಡಿಕೊಳ್ಳಲು ಧರ್ಮಪಿತರ ಪಟ್ಟಿಯಿಂದ ಒಂದು ಉಪಾಯ ಕಂಡುಕೊಂಡಿದ್ದೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಒಂದು ಅಡ್ಡದಾರಿ ಹಿಡಿದೆ. ಒಂದು ಮದುವೆಗೆ ಮೂರನೇ ದರ್ಜೆಯ ರಕ್ತಸಂಬಂಧಕ್ಕೆ ಚರ್ಚಿನ ವಿನಾಯಿತಿ ಪಡೆದಿದ್ದಾರೆ ಎಂದು ಬರೆದಿತ್ತು. ಅಂದರೆ ಮುತ್ತಾತ ಮುತ್ತಜ್ಜಿ ಒಂದೇ. ನಮ್ಮಲ್ಲಿ ಸೋದರಮಾವನ ಮಗಳನ್ನೇ ತರುತ್ತಾರೆ, ಇವರು ಇಷ್ಟಕ್ಕೆ ಅಪ್ಪಣೆ ಕೇಳಿದ್ದಾರಲ್ಲ ಅಂತ ನಗು ಬಂತು. ಆದರೆ ಸುಮ್ನೆ ನೋಡಿದ ಆ ಒಂದು ಸಾಲಿನಿಂದ ಇನ್ನೊಂದು ಕೊಂಬೆಯೂ ಸಿಕ್ಕಿತು. ಶಾಯಿ ಚೆಲ್ಲಿದ ಪುಟಕ್ಕೆ ಎರಡನೇ ಪ್ರತಿ ನೋಡಿದೆ. ದಫ್ತರ ಎರಡೆರಡು ಬರೆಯುತ್ತಿದ್ದರು, ಒಂದು ಚರ್ಚಿಗೆ, ಒಂದು ಕೋರ್ಟಿಗೆ. ಕ್ವಿಬೆಕ್ ಸರ್ಕಾರದ ದಫ್ತರಖಾನೆಯ ನೋಟರಿ ಕಾಗದಗಳು (ಒಪ್ಪಂದ, ಉಯಿಲಿನಂಥವು) ಪುಕ್ಕಟೆ, ಜಾಸ್ತಿ ಜನ ಮುಟ್ಟುವುದೇ ಇಲ್ಲ.

ಒಟ್ಟು ಖರ್ಚು 500 ಡಾಲರ್ ಒಳಗೆ, ಅದರಲ್ಲಿ 380 ನೀರಲ್ಲಿ ಹೋಮ. ಚಿಕ್ಕಮಾವನಿಗೆ ಪೂರ್ತಿ ವಂಶವೃಕ್ಷ ಕಳಿಸಿದೆ. ಉತ್ತರ ಬಂದಿಲ್ಲ. ಆದರೆ ಮೊನ್ನೆ ಊಟಕ್ಕೆ ಹೋದಾಗ ಗೋಡೆಯ ಮೇಲೆ ಅದಕ್ಕೆ ಚೌಕಟ್ಟು ಹಾಕಿಸಿದ್ದರು.