ಪಿಟೀಲಿಗೆ ಒಗ್ಗುವ ಸೀರೆ

ಉಡುಪಿಯಲ್ಲಿ ಮೊದಲ ಸಲ ಪಿಟೀಲು ಸ್ಪರ್ಧೆಗೆ ಹೋದಾಗ ಅಮ್ಮನ ಕಾಂಚೀವರಂ ಉಟ್ಟಿದ್ದೆ. ಕಡುನೀಲಿ ಒಡಲು, ಅಂಗೈಯಗಲದ ಜರಿ ಅಂಚು. ಕನ್ನಡಿಯಲ್ಲಿ ನೋಡಿ ನನಗೇ ಖುಷಿ. ಪಿಟೀಲಿನವರು ಸೀರೆಯನ್ನು ನಿಂತು ಆರಿಸಬಾರದು, ಕೂತು ಆರಿಸಬೇಕು ಎಂಬುದು ಗೊತ್ತಾದದ್ದು ವೇದಿಕೆ ಹತ್ತಿದ ಮೇಲೆ.

ನಮ್ಮ ಕರ್ನಾಟಕ ಸಂಗೀತದಲ್ಲಿ ನೆಲದ ಮೇಲೆ ಕೂತು ನುಡಿಸುವ ಪದ್ಧತಿ. ಪಿಟೀಲಿನ ಸುರುಳಿ, ಅಂದರೆ ಸುತ್ತಿಕೊಂಡ ತಲೆಯ ತುದಿ, ಬಲಗಾಲಿನ ಹರಡಿನ ಮೇಲೆ ಕೂರುತ್ತದೆ, ಇನ್ನೊಂದು ತುದಿ ಎಡಭುಜದ ಹತ್ತಿರ ಒತ್ತಿಕೊಂಡಿರುತ್ತದೆ. ಎಡಗೈ ಗಮಕಕ್ಕೆ, ಅಂದರೆ ಸ್ವರವನ್ನು ಬಳುಕಿಸಲು, ತಂತಿಯ ಮೇಲೆ ಜಾರುತ್ತಲೇ ಇರುವುದರಿಂದ ವಾದ್ಯ ಹಿಡಿಯಲು ಬೇರೆ ಕೈಯಿಲ್ಲ. ಅಂದು ಹರಡಿನ ಮೇಲೆ ಜರಿ ಬಂದಿತ್ತು. ಒಂದೊಂದು ಜಾರಿಗೂ ಸುರುಳಿ ಒಂದಿಷ್ಟು ಸರಿಯುತ್ತಿತ್ತು. ಸ್ವರ ಹಾಕುವಾಗ ನನ್ನ ಗಮನವೆಲ್ಲ ಕಾಲಿನ ಮೇಲೆ, ತಾಳದ ಮೇಲಲ್ಲ. ಇಳಿದು ನೋಡಿದರೆ ನೀಲಿ ರೇಷ್ಮೆಯ ಮೇಲೆ ಕಮಾನಿಗೆ ಹಚ್ಚುವ ರೋಸಿನ್ ಎಂಬ ರಾಳದ ಪುಡಿ ಬೂದಿ ಚೆಲ್ಲಿದ ಹಾಗೆ. ಬೆರಳಿಗೆ ಹಚ್ಚಿದ ತೆಂಗಿನೆಣ್ಣೆಯ ಕಲೆ ಬೇರೆ. ಬಹುಮಾನದ ವಿಷಯ ಬಿಡಿ, ಅಮ್ಮನಿಗೆ ಮುಖ ತೋರಿಸುವುದೇ ಕಷ್ಟವಾಯಿತು.

ಆಮೇಲೆ ನಾನು ಹಿಡಿದದ್ದು ಉಡುಪಿ ಸೀರೆಯನ್ನು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ನೇಯುವ ಹತ್ತಿ ಸೀರೆ, ಹಗುರ, ನಮ್ಮ ಸೆಕೆಗೆ ಹೇಳಿ ಮಾಡಿಸಿದ್ದು. ಹೊಸದನ್ನು ಹಾಗೇ ಉಡುವುದಿಲ್ಲ. ಎರಡು ಮೂರು ಸಲ ಒಗೆದು ಗಂಜಿ ಬಿಟ್ಟ ಮೇಲೆ ಬಟ್ಟೆ ಕಾಲಿಗೆ ಅಂಟಿ ಕೂರುತ್ತದೆ, ಸುರುಳಿ ಅಲ್ಲಾಡುವುದಿಲ್ಲ. ಬಣ್ಣ ತಿಳಿಹಳದಿಯೋ ಕೆನೆಯೋ ಆದರೆ ರೋಸಿನ್ ಕಾಣುವುದಿಲ್ಲ.

ಸೆರಗು ಬರುವುದೂ ಪಿಟೀಲು ಕೂರುವುದೂ ಒಂದೇ ಭುಜ. ಮುಂದೆ ಪಿನ್ ಹಾಕಿದರೆ ವಾದ್ಯದ ಬಣ್ಣಕ್ಕೆ ಗೀರು ಬೀಳುತ್ತದೆ, ನನ್ನದರಲ್ಲಿ ಒಂದು ಈಗಲೂ ಉಂಟು. ಹಾಗಾಗಿ ಪಿನ್ ಭುಜದ ಹಿಂದೆ, ಒಳಗಿನಿಂದ. ಟೈಲರ್ ಹತ್ತಿರ ರವಿಕೆಯ ಅಳತೆ ಕೊಡುವಾಗ ಬಲಗೈಯನ್ನು ಕಮಾನು ಎಳೆದ ಹಾಗೆ ಪೂರ್ತಿ ಚಾಚುತ್ತೇನೆ. ಅವರು ನಗುತ್ತಾರೆ, ನಗಲಿ. ಶಂಕರಪುರ ಮಲ್ಲಿಗೆ ಮುಡಿಯುತ್ತೇನೆ, ಆದರೆ ಹಿಂದೆ ಮಾತ್ರ. ಎದುರಿಗೆ ಇಳಿಬಿಟ್ಟರೆ ಪಿಟೀಲಿನಡಿ ಸಿಕ್ಕಿ ಜಜ್ಜಿಹೋಗುತ್ತದೆ.

ಇಷ್ಟಾದ ಮೇಲೂ ಸ್ಪರ್ಧೆಗೆ ಮೂರು ದಿನ ಮೊದಲೇ ಅದೇ ಸೀರೆ ಉಟ್ಟು ಜಮಖಾನದ ಮೇಲೆ ಕೂತು, ಫ್ಯಾನ್ ಆಫ್ ಮಾಡಿ, ವರ್ಣ ಎಂಬ ರಚನೆಯೊಂದನ್ನು ಎರಡು ಕಾಲದಲ್ಲಿ, ಅಂದರೆ ಮೊದಲು ನಿಧಾನವಾಗಿ ಆಮೇಲೆ ಎರಡು ಪಟ್ಟು ವೇಗದಲ್ಲಿ, ನುಡಿಸಿ ನೋಡುತ್ತೇನೆ.

1976ರಲ್ಲಿ ಶುರುವಾದ ನಮ್ಮ ಮಂಗಳೂರು ಆಕಾಶವಾಣಿಯ ಆಡಿಷನ್‌ಗೆ ಹೋಗುವಾಗ, ಅಲ್ಲಿ ಕೇಳುವುದು ಕಿವಿ ಮಾತ್ರ, ಏನು ಉಟ್ಟರೇನು ಅಂದುಕೊಂಡಿದ್ದೆ. ಸ್ಟುಡಿಯೋದ ಆ ಮೌನದಲ್ಲಿ ಕೂತು ಕಮಾನು ಎತ್ತಿದ್ದೇ ತಡ, ಗಾಜಿನ ಬಳೆ ಟಿಣ್ ಎಂದಿತು. ಮೈಕಿಗೆ ಬೀಳುವ ಮೊದಲೇ ಬಳೆಗಳನ್ನೆಲ್ಲ ಕಳಚಿ ಕರ್ಚೀಫಿನಲ್ಲಿ ಕಟ್ಟಿಟ್ಟೆ. ಅಂದಿನಿಂದ ಸ್ಪರ್ಧೆಗೂ ಬಳೆ ಇಲ್ಲ. ಅಮ್ಮ ಮಾತ್ರ ಪ್ರತಿ ಸಲ ಬಾಗಿಲ ಹತ್ತಿರ ಹೇಳುತ್ತಾರೆ: “ಬೋಳು ಕೈಯಲ್ಲಿ ಹೋಗುದಾ ನೀನು? ಒಂದು ಚಿನ್ನದ್ದಾದರೂ ಹಾಕು ಮಾರಾಯ್ತಿ.”