ಮಳೆಗಾಲದ ತೋಟಕ್ಕೆ ಜೇಬುಚಾಕು: ಹಿಡಿ ಯಾವುದಿರಲಿ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ತೋಟದಲ್ಲಿ ಕೈ ಒಣಗಿರುವ ಹೊತ್ತೇ ಕಡಿಮೆ. ಹಾಗಾಗಿ ಬಹೂಪಯೋಗಿ ಚಾಕು ಕೊಳ್ಳುವಾಗ ಎಷ್ಟು ಉಪಕರಣ ಇವೆ ಅನ್ನೋದಕ್ಕಿಂತ ಮೊದಲು ಹಿಡಿ ನೋಡಿ.

ಸ್ವಿಸ್ ಚಾಕು ಕಂಪನಿ ವಿಕ್ಟೋರಿನಾಕ್ಸ್‌ನ ಕೆಂಪು ಹಿಡಿ ಸೆಲಿಡಾರ್ ಪ್ಲಾಸ್ಟಿಕ್ಕಿನದು. ನುಣುಪು, ಒದ್ದೆ ಕೈಯಲ್ಲಿ ಜಾರುತ್ತದೆ. ಡೀಟ್ ಎಂಬ ರಾಸಾಯನಿಕ ಇರುವ ಸೊಳ್ಳೆ ಮುಲಾಮು, ಉಗುರುಬಣ್ಣ ತೆಗೆಯುವ ಅಸಿಟೋನ್ ತಾಗಿದರೆ ಮೇಲ್ಮೈ ಕರಗಿ ಅಂಟಂಟಾಗುತ್ತದೆ. ಮುಲಾಮು ಹಚ್ಚಿದ ಕೈ ತೊಳೆದೇ ಚಾಕು ಮುಟ್ಟಿ. ಇದರ ದೊಡ್ಡ ಅನುಕೂಲ, ಹಿಡಿಯೊಳಗೇ ಚಿಮಟ ಇರುತ್ತದೆ. ಮುಳ್ಳು ತೆಗೆಯಲು ಬೇಕೇ ಬೇಕು. ಒಡೆದರೆ ಹಿಡಿಯನ್ನು ಮನೆಯಲ್ಲೇ ಬದಲಿಸಬಹುದು.

ಮೆಣಸಿನ ಬಳ್ಳಿ ಕಟ್ಟುವವರಿಗೆ ನನ್ನ ಆಯ್ಕೆ ಅದೇ ಕಂಪನಿಯ ಅಲಾಕ್ಸ್ ಹಿಡಿ, ಅಂದರೆ ಗೆರೆ ಮೂಡಿಸಿದ ಅಲ್ಯೂಮಿನಿಯಂ. ತೆಳು, ಹಿಡಿತ ಗಟ್ಟಿ, ನೀರು ಕುಡಿಯುವುದಿಲ್ಲ. ಆದರೆ ಮಡಚಿದಾಗ 93 ಮಿಮೀ ಉದ್ದವಿರುವ ಮಾದರಿಗಳಲ್ಲಿ ಚಿಮಟಕ್ಕೆ ಜಾಗವಿಲ್ಲ, ಹಿಡಿಗೆ ರಿವೆಟ್ ಹೊಡೆದಿರುವುದರಿಂದ ಬದಲಿಸುವುದೂ ಕಷ್ಟ.

ಮರದ ಹಿಡಿ ಚೆಂದ, ಆದರೆ ನಮ್ಮ ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ ಕೊನೆಗೆ ಸೀಳುತ್ತದೆ. ಇಟ್ಟುಕೊಳ್ಳಲೇಬೇಕೆಂದರೆ ಮಳೆಗೆ ಮೊದಲು ಅಗಸೆ ಎಣ್ಣೆ ತೆಳುವಾಗಿ ಸವರಿ, ಹೆಚ್ಚಿನದನ್ನು ಒರೆಸಿ ಒಣಗಿಸಿ.

ಜಿ-10 ಎಂಬ ಹಿಡಿ ಗಾಜಿನ ನಾರು ಮತ್ತು ಎಪಾಕ್ಸಿ ಅಂಟಿನದು, ಒದ್ದೆಗೆ ಜಗ್ಗದು. ಉಜ್ಜಿ ಆಕಾರ ಕೊಡುವಾಗ ಮಾತ್ರ ಮಾಸ್ಕ್ ಹಾಕಿ, ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಹಿಡಿ ಯಾವುದೇ ಇರಲಿ, ಒದ್ದೆಯಾದ ದಿನ ಎಲ್ಲ ಅಲಗು ಬಿಚ್ಚಿ ಒಣಗಿಸಿ, ಕೀಲಿಗೆ ಒಂದು ಹನಿ ಎಣ್ಣೆ ಬಿಡಿ.